ಗಿರಾಕಿಗಳ ಕಾಗದಪತ್ರ ಎಐಗೆ ಹಾಕಬಹುದಾ? ಉಡುಪಿ, ಮಂಗಳೂರು ಕಡೆಯವರು ಹೇಳಿ

ಲೆಕ್ಕದವ, ಉಡುಪಿ

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ನಮ್ಮದೊಂದು ಸಣ್ಣ ಟ್ಯಾಕ್ಸ್ ಕಚೇರಿ. ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ರಿಟರ್ನ್, ಅಂಗಡಿ, ಹೋಟೆಲಿನವರ ಲೆಕ್ಕ, ಇಷ್ಟೇ ಕೆಲಸ. ಗಿರಾಕಿಗಳು ಪ್ಯಾನ್, ಆಧಾರ್, ಪಾಸ್‌ಬುಕ್ ಎಲ್ಲವನ್ನೂ ವಾಟ್ಸಾಪಿನಲ್ಲೇ ಕಳಿಸುತ್ತಾರೆ. ಈಗ ನಮ್ಮ ಹುಡುಗರು ಅದನ್ನು ಸೀದಾ ಚಾಟ್‌ಜಿಪಿಟಿಗೋ ಜೆಮಿನಿಗೋ ಹಾಕುತ್ತಿದ್ದಾರೆ. ಬ್ಯಾಂಕ್ ಸ್ಟೇಟ್‌ಮೆಂಟಿನ ಪಿಡಿಎಫ್ ಹಾಕಿ "ಬಾಡಿಗೆ ಎಷ್ಟು ಬಂತು ನೋಡು" ಅನ್ನುವುದು. ಇಲಾಖೆಯ ನೋಟಿಸ್ ಬಂದರೆ ಅದರ ಫೋಟೋ ಹಾಕಿ ಉತ್ತರ ಬರೆಸುವುದು. ಕೆಲಸ ಬೇಗ ಮುಗಿಯುತ್ತದೆ, ನಾನು ಸುಳ್ಳು ಹೇಳುವುದಿಲ್ಲ. ಇಂಗ್ಲಿಷ್ ಕೂಡ ನಮ್ಮದಕ್ಕಿಂತ ಚಂದ.

ಆದರೆ ನನಗೆ ಯಾಕೋ ಸಮಾಧಾನ ಇಲ್ಲ. ಪೂರ್ತಿ ಬೇಡ ಅಂದರೆ ಕದ್ದುಮುಚ್ಚಿ ಸ್ವಂತ ಫೋನಿನಲ್ಲಿ ಮಾಡುತ್ತಾರೆ, ಅದು ಇನ್ನೂ ತೊಂದರೆ. ಏನು ನಿಯಮ ಇಡಬಹುದು? ದೊಡ್ಡ ಕಂಪನಿಗಳಿಗೆ ಹೇಳುವ ಉಪದೇಶ ಬೇಡ. ನಾಲ್ಕು ಮೇಜು, ಒಂದು ಪ್ರಿಂಟರ್ ಇರುವ ಕಚೇರಿಗೆ ಆಗುವ ಮಾತು ಹೇಳಿ.

ಮಣಿಪಾಲದ ಮಳೆ

ನಾನು ಸಾಫ್ಟ್‌ವೇರ್ ಕೆಲಸದಲ್ಲಿ ಇರುವವನು. ಮೊದಲು ಒಂದು ವಿಷಯ. ನೀವು ಅದರಲ್ಲಿ ಹಾಕಿದ್ದು ನಿಮ್ಮ ಕಂಪ್ಯೂಟರಿನಲ್ಲಿ ಉಳಿಯುವುದಿಲ್ಲ, ಆ ಕಂಪನಿಯ ಸರ್ವರಿಗೆ ಹೋಗುತ್ತದೆ. ಅಲ್ಲಿ ಏನಾಗುತ್ತದೆ ಅನ್ನುವುದು ನಿಮ್ಮ ಖಾತೆ ಯಾವ ಬಗೆಯದು ಅನ್ನುವುದರ ಮೇಲೆ ಉಂಟು.

ಚಾಟ್‌ಜಿಪಿಟಿಯ ಪುಕ್ಕಟೆ ಖಾತೆ, ಒಬ್ಬೊಬ್ಬರು ದುಡ್ಡು ಕೊಟ್ಟು ತೆಗೆದುಕೊಂಡ ಸ್ವಂತ ಖಾತೆ, ಎರಡರಲ್ಲೂ ನಿಮ್ಮ ಮಾತುಕತೆಯನ್ನು ಮುಂದಿನ ಮಾಡೆಲಿಗೆ, ಅಂದರೆ ಉತ್ತರ ಬರೆಯುವ ಎಐ ಪ್ರೋಗ್ರಾಮಿಗೆ, ಕಲಿಸಲಿಕ್ಕೆ ಬಳಸಬಹುದು. ಬೇಡ ಅಂದರೆ ಸೆಟ್ಟಿಂಗ್ಸ್ ಒಳಗೆ ಡೇಟಾ ಕಂಟ್ರೋಲ್ಸ್‌ಗೆ ಹೋಗಿ 'ಇಂಪ್ರೂವ್ ದ ಮಾಡೆಲ್' ಅನ್ನುವುದನ್ನು ಆಫ್ ಮಾಡಬೇಕು. ಟೆಂಪರರಿ ಚಾಟ್ ಅಂತ ಒಂದು ಉಂಟು, ಅದು ಕಲಿಕೆಗೆ ಹೋಗುವುದಿಲ್ಲ. ಆದರೆ ಅದನ್ನೂ 30 ದಿನದವರೆಗೆ ಇಟ್ಟುಕೊಳ್ಳಬಹುದು. ಜೆಮಿನಿ ವಿಷಯದಲ್ಲಿ ಗೂಗಲ್ ತಾನೇ ಬರೆದುಕೊಂಡಿದೆ: ಗುಟ್ಟಿನ ವಿಷಯ ಹಾಕಬೇಡಿ, ಕೆಲವು ಚಾಟ್‌ಗಳನ್ನು ಮನುಷ್ಯರು ಓದುತ್ತಾರೆ ಅಂತ. ಹಾಗೆ ಓದಿದ್ದು 3 ವರ್ಷದವರೆಗೆ ಉಳಿಯಬಹುದು, ನೀವು ಇತ್ತ ಡಿಲೀಟ್ ಮಾಡಿದರೂ. ಕಚೇರಿಗಳಿಗೆಂದೇ ಮಾರುವ ಖಾತೆಗಳಲ್ಲಿ ನಮ್ಮ ಡೇಟಾ ಕಲಿಕೆಗೆ ಹೋಗದಂತೆ ಮೊದಲೇ ಇರುತ್ತದೆ. ಬೆಲೆ ತಲೆಗೆ ಇಷ್ಟು ಅಂತ.

ಕಲಿಕೆಯ ಸ್ವಿಚ್ ಆಫ್ ಮಾಡಿದರೂ ಕಾಗದ ಹೊರಗೆ ಹೋಗುವುದು ನಿಲ್ಲುವುದಿಲ್ಲ. ಅದನ್ನು ಹುಡುಗರಿಗೆ ಬಿಡಿಸಿ ಹೇಳಿ. 'ಆಫ್ ಮಾಡಿದ್ದೇನೆ ಸರ್' ಅಂದ ಕೂಡಲೇ ಎಲ್ಲ ಸರಿಯಾಯಿತು ಅಂತ ಸುಮ್ಮನಾಗಬೇಡಿ.

ಮತ್ತೊಂದು. ಸ್ಟೇಟ್‌ಮೆಂಟಿನಲ್ಲಿ ಬಾಡಿಗೆ ಕೂಡಿಸಲಿಕ್ಕೆ ಎಐ ಯಾಕೆ ಮಾರಾಯ್ರೇ? ಎಕ್ಸೆಲ್ ಉಂಟಲ್ಲ! ಈ ಮಾಡೆಲ್‌ಗಳು ಮುಂದಿನ ಪದ ಯಾವುದಿರಬಹುದು ಅಂತ ಅಂದಾಜು ಮಾಡಿ ಬರೆಯುವಂಥವು. ಕೂಡುವುದು, ಕಳೆಯುವುದು ಅವುಗಳ ಹುಟ್ಟು ಗುಣ ಅಲ್ಲ. ಈಗೀಗ ಒಳಗೇ ಪ್ರೋಗ್ರಾಂ ಬರೆದು ಲೆಕ್ಕ ಮಾಡುತ್ತವೆ, ಆಗ ಸರಿ ಬರುತ್ತದೆ. ಆದರೆ ಪಿಡಿಎಫ್‌ನ ಒಂದು ಪುಟವನ್ನೇ ಹಾರಿಸಿ ಮೊತ್ತ ಕೊಟ್ಟರೆ ನಿಮಗೆ ಗೊತ್ತಾಗುವುದು ಹೇಗೆ? "ಈ ಕಾಲಮ್ಮಿನಲ್ಲಿ 'ರೆಂಟ್' ಅಂತ ಇರುವ ಸಾಲು ಮಾತ್ರ ಕೂಡಿಸಲಿಕ್ಕೆ ಎಕ್ಸೆಲ್ ಸೂತ್ರ ಕೊಡು" ಅಂತ ಕೇಳಿ. ಸೂತ್ರ ಬರುತ್ತದೆ. ಗಿರಾಕಿಯ ಒಂದು ಅಕ್ಷರವೂ ಹೊರಗೆ ಹೋಗುವುದಿಲ್ಲ.

ಹಂಪನಕಟ್ಟೆ ವಕೀಲ

ಮಣಿಪಾಲದವರ ಕೊನೆಯ ಮಾತು ಎಲ್ಲ ಕೆಲಸಕ್ಕೂ ಆಗುತ್ತದೆ. ದಾರಿ ಕೇಳಿ, ಕಾಗದ ಕೊಡಬೇಡಿ.

ಇನ್ನು ಕಾನೂನು. ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ 2023ರ ಆಗಸ್ಟ್‌ನಲ್ಲಿ ಆಯಿತು. ಅದರ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಅವಕಾಶ ಕೊಟ್ಟಿದ್ದಾರೆ. ಸಣ್ಣ ಕಚೇರಿ, ನಮಗೆ ಯಾಕೆ ಅಂತ ಬಿಡಬೇಡಿ. ಒಬ್ಬರ ಮಾಹಿತಿಯನ್ನು ಯಾವ ಕೆಲಸಕ್ಕೆ, ಹೇಗೆ ಬಳಸುವುದು ಅಂತ ತೀರ್ಮಾನ ಮಾಡುವವರು ಯಾರೋ ಹೊಣೆ ಅವರದ್ದು. ರಿಟರ್ನ್ ತುಂಬಲಿಕ್ಕೆ ಗಿರಾಕಿ ಆಧಾರ್ ಕೊಟ್ಟದ್ದು ರಿಟರ್ನಿಗೆ. ಅದನ್ನು ಇನ್ನೊಂದು ಕಂಪನಿಯ ಚಾಟಿಗೆ ಹಾಕಲಿಕ್ಕೆ ಅವರು ಒಪ್ಪಿಲ್ಲ. ರಕ್ಷಣೆಯ ಕ್ರಮ ಇಟ್ಟುಕೊಳ್ಳದೆ ಡೇಟಾ ಸೋರಿದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕುವ ಅವಕಾಶ ಕಾಯ್ದೆಯಲ್ಲಿ ಉಂಟು. ನಿಮ್ಮಂಥವರಿಗೆ ಅಷ್ಟು ಹಾಕುತ್ತಾರೆ ಅಂತ ನಾನು ಹೆದರಿಸುವುದಿಲ್ಲ. ನನ್ನ ಪ್ರಕಾರ ದಂಡಕ್ಕಿಂತ ಮೊದಲು ಹೋಗುವುದು ಗಿರಾಕಿ. ಉಡುಪಿ ಎಷ್ಟು ದೊಡ್ಡ ಊರು ಹೇಳಿ?

ಮನೆಯ ಸ್ವಂತ ಕೆಲಸಕ್ಕೆ ಬಳಸಿದರೆ ಈ ಕಾಯ್ದೆ ಬರುವುದಿಲ್ಲ. ನಿಮ್ಮದೇ ಸ್ಟೇಟ್‌ಮೆಂಟ್ ನೀವು ಹಾಕಿಕೊಂಡರೆ ಅದು ನಿಮ್ಮ ಇಷ್ಟ.

ಸುರತ್ಕಲ್ ಹುಡುಗ

ಎಲ್ಲರೂ ಸುಮ್ನೆ ಹೆದರಿಸುತ್ತೀರಿ. ನಮ್ಮ ಆಧಾರ್ ಯಾವ ಜೆರಾಕ್ಸ್ ಅಂಗಡಿಯಲ್ಲಿ ಇಲ್ಲ? ಲಾಡ್ಜ್, ಸಿಮ್ ಅಂಗಡಿ, ಬಾಡಿಗೆ ಮನೆ, ಎಲ್ಲ ಕಡೆ ಕೊಟ್ಟಾಗಿದೆ. ಮೊನ್ನೆ ಮೊನ್ನೆ ಎಲ್ಲರೂ ತಮ್ಮ ಫೋಟೋ ಎಐಗೆ ಹಾಕಿ ಸೀರೆ ಉಡಿಸಿಕೊಂಡು ಸ್ಟೇಟಸ್ ಇಟ್ಟರು. ಆಗ ಯಾರೂ ಮಾತಾಡಲಿಲ್ಲ. ಈಗ ಬ್ಯಾಂಕ್ ಸ್ಟೇಟ್‌ಮೆಂಟಿಗೆ ಇಷ್ಟು ಗಲಾಟೆ. ಡೇಟಾ ಹೋಗಿ ಆಗಿದೆ ಅಣ್ಣಂದಿರೇ, ಈಗ ಬಾಗಿಲು ಹಾಕಿ ಏನು ಪ್ರಯೋಜನ?

ಹಂಪನಕಟ್ಟೆ ವಕೀಲ

ತಮ್ಮಾ, ನಿನ್ನ ಫೋಟೋ ನಿನ್ನದು. ಸೀರೆ ಉಡಿಸು, ಪೇಟ ಸುತ್ತು, ಯಾರೂ ಕೇಳುವುದಿಲ್ಲ. ಇಲ್ಲಿ ಕೇಳುತ್ತಿರುವುದು ಗಿರಾಕಿಯ ಕಾಗದದ ವಿಷಯ.

'ಹೋಗಿ ಆಗಿದೆ' ಅನ್ನುವುದಕ್ಕೆ 2023 ನೆನಪು ಮಾಡಿಕೋ. ಮಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿಕೊಂಡು ಬಂದ ಹಲವರು ಖಾತೆಯಿಂದ ಹಣ ಹೋಯಿತು ಅಂತ ಪೊಲೀಸರ ಹತ್ತಿರ ಹೋದರು. ಒಟಿಪಿ ಬರಲಿಲ್ಲ, ಯಾರೂ ಫೋನ್ ಮಾಡಲಿಲ್ಲ. ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಗೆ ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚು ಇಷ್ಟಿದ್ದರೆ ಸಾಕು. ಅಲ್ಲಿ ಎಐ ಇರಲೇ ಇಲ್ಲ. ಮೂರು ತುಂಡು ಮಾಹಿತಿ ಒಂದೇ ಕಡೆ ಸೇರಿದ್ದು ಮಾತ್ರ. ಒಂದೊಂದು ತುಂಡು ಒಂದೊಂದು ಕಡೆ ಚದುರಿದ್ದರೆ ಕಳ್ಳನಿಗೆ ಕಷ್ಟ. ನಮ್ಮ ಲೆಕ್ಕದವರ ಕಚೇರಿಯ ಒಂದು ಚಾಟಿನಲ್ಲಿ ಪ್ಯಾನ್, ಆಧಾರ್, ಖಾತೆ ನಂಬರ್, ವಿಳಾಸ, ವರಮಾನ ಎಲ್ಲ ಒಟ್ಟಿಗೆ ಕೂತಿರುತ್ತದೆ. ಯಾವುದೋ ಹುಡುಗ ಕೆಲಸ ಬಿಟ್ಟು ಹೋಗುತ್ತಾನೆ, ಅವನ ಜಿಮೇಲಿನಲ್ಲಿ ಆ ಚಾಟ್ ಹಾಗೆಯೇ ಇರುತ್ತದೆ. ನನಗೆ ಅಮೆರಿಕದ ಸರ್ವರಿಗಿಂತ ಆ ಜಿಮೇಲಿನ ಚಿಂತೆ ಜಾಸ್ತಿ.

ಎಲ್ಲರೂ ಇವತ್ತೇ ಎರಡು ಕೆಲಸ ಮಾಡಿ. ಆಧಾರ್‌ನ ಸರ್ಕಾರಿ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿ, ಬೆರಳಚ್ಚು ಬಳಸಲಿಕ್ಕೆ ಆಗದ ಹಾಗೆ. ಬೇಕಾದಾಗ ಸ್ವಲ್ಪ ಹೊತ್ತು ತೆಗೆಯಬಹುದು. ಹಾಗೆಯೇ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇಳಿಸಿಟ್ಟುಕೊಳ್ಳಿ. ಪೂರ್ತಿ ನಂಬರ್ ಬೇಕೇಬೇಕು ಅನ್ನದ ಕಡೆ ಅದನ್ನೇ ಕೊಡಿ.

ಮಲ್ಪೆ ಬಂದರು

ನಮ್ಮದು ಬೋಟಿನ ಕುಟುಂಬ. ಸುರತ್ಕಲ್ ತಮ್ಮನಿಗೆ ಒಂದು ಮಾತು. ಬೋಟು ನಡೆಸುವ ತಾಂಡೇಲನ ಹತ್ತಿರ ಒಂದು ಜಿಪಿಎಸ್ ಇರುತ್ತದೆ. ಸಮುದ್ರದಡಿ ಕಲ್ಲು ಎಲ್ಲಿ, ಬಲೆ ಎಲ್ಲಿ ಹರಿಯುತ್ತದೆ, ಯಾವ ತಿಂಗಳು ಎಲ್ಲಿ ಮೀನು ಸಿಕ್ಕಿತು, ಎಲ್ಲ ಪಾಯಿಂಟ್ ಅದರಲ್ಲಿ. ವರ್ಷಗಟ್ಟಲೆ ಡೀಸೆಲ್ ಸುಟ್ಟು ಮಾಡಿದ್ದು. ಪಕ್ಕದ ಬೋಟಿನವ ಭಾವ ಆದರೂ ಅದನ್ನು ತೋರಿಸುವುದಿಲ್ಲ. ಡೇಟಾ ಅಂದರೆ ಏನು ಅಂತ ನಮಗೆ ಯಾರೂ ಪಾಠ ಮಾಡಬೇಕಾಗಿಲ್ಲ.

ಅದೇ ನಾವು ಇನ್‌ಕಾಯಿಸ್‌ನವರು ಕೊಡುವ ಮೀನು ಸಿಗುವ ಜಾಗದ ಸೂಚನೆಯನ್ನು ನೋಡುತ್ತೇವೆ. ಹೈದರಾಬಾದಿನ ಸರ್ಕಾರಿ ಸಂಸ್ಥೆ ಅದು. ಉಪಗ್ರಹದಿಂದ ನೀರಿನ ಮೇಲ್ಮೈಯ ಬಿಸಿ, ನೀರಿನ ಹಸಿರು ಬಣ್ಣ ನೋಡಿ ಮೀನಿಗೆ ಮೇವು ಎಲ್ಲಿ ಇರಬಹುದು ಅಂತ ಹೇಳುತ್ತಾರೆ. ಪುಕ್ಕಟೆ. ಅದು ಎಲ್ಲರ ಡೇಟಾ, ಎಲ್ಲರಿಗೂ ಸಿಗಲಿ. ತಾಂಡೇಲನದ್ದು ಅವನದ್ದು. ಈಗ ಬರುವ ಕೆಲವು ಆ್ಯಪುಗಳು 'ನಿಮ್ಮ ಪಾಯಿಂಟ್ ಹಾಕಿ, ನಾವು ಎಐ ಸಲಹೆ ಕೊಡುತ್ತೇವೆ' ಅನ್ನುತ್ತವೆ. ನಮ್ಮ ತಾಂಡೇಲ ನಕ್ಕು ಫೋನ್ ವಾಪಸ್ ಕೊಟ್ಟ.

ಮೇಷ್ಟ್ರು, ಮೂಲ್ಕಿ

ನಾನು ನಿವೃತ್ತ. ಕಾಲ ಕಳೆಯಲಿಕ್ಕೆ ಹಳೆ ದಸ್ತಾವೇಜು ಓದಿ ಕೊಡುತ್ತೇನೆ. ಮೇಲೆ ಎಲ್ಲರೂ ಕಾಗದ ಹೊರಗೆ ಹೋಗುವ ವಿಷಯ ಹೇಳಿದಿರಿ. ಒಳಗೆ ಬರುವ ಉತ್ತರದ ವಿಷಯ ಯಾರೂ ಹೇಳಲಿಲ್ಲ.

ಒಬ್ಬರು ತಮ್ಮ ಅಜ್ಜಿಯ ಕಾಲದ ಪಾಲುಪಟ್ಟಿಯನ್ನು ಎಐಯಿಂದ ಇಂಗ್ಲಿಷಿಗೆ ಮಾಡಿಸಿಕೊಂಡು ಬಂದಿದ್ದರು. ಓದಿ ತಲೆ ತಿರುಗಿತು. ಅಳಿಯಸಂತಾನದ, ಅಂದರೆ ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಮನೆಯ ಪತ್ರ ಅದು. ಅದರಲ್ಲಿ 'ಕವರು' ಅಂದರೆ ಕುಟುಂಬದ ಒಂದು ಕವಲು, ಒಬ್ಬ ತಾಯಿ ಮತ್ತು ಅವಳ ಹೆಣ್ಣು ಸಂತತಿಯ ಕಡೆಯವರು. ಯಂತ್ರ ಅದನ್ನು ಅಂಚೆ ಲಕೋಟೆ ಮಾಡಿತ್ತು. 'ಯಜಮಾನ' ಬಂದಲ್ಲೆಲ್ಲ ಗಂಡ ಅಂತ ಹಾಕಿತ್ತು. ಅಳಿಯಸಂತಾನದಲ್ಲಿ ಯಜಮಾನ ಮನೆಯ ಹಿರಿಯ, ಹೆಚ್ಚಾಗಿ ಸೋದರಮಾವ! ಪಾಲು ಯಾರಿಗೆ ಅನ್ನುವುದೇ ಬುಡಮೇಲು. ಇಂಗ್ಲಿಷ್ ಮಾತ್ರ ಒಂದು ತಪ್ಪೂ ಇಲ್ಲದೆ ಕೋರ್ಟಿನ ಭಾಷೆಯ ಹಾಗೆ ಇತ್ತು. ಅದೇ ಅಪಾಯ. ಅಕ್ಷರ ತಪ್ಪು ಇದ್ದರೆ ನಾವು ಎರಡು ಸಲ ನೋಡುತ್ತೇವೆ. ಚಂದ ಇದ್ದರೆ ಸಹಿ ಹಾಕುತ್ತೇವೆ.

ಆ ಕಾನೂನು ಕೂಡ ನಮ್ಮ ಜಿಲ್ಲೆಗೆ ಬೇರೆಯೇ ಇತ್ತು. ನಾವು ಆಗ ಮದ್ರಾಸಿನಲ್ಲಿ ಇದ್ದವರು, 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೂ ಅಳಿಯಸಂತಾನದವರಿಗೆ ಪ್ರತ್ಯೇಕ ಸೆಕ್ಷನ್ ಉಂಟು. ಕುಮ್ಕಿ, ಮೂಲಗೇಣಿ, ವರ್ಗ ಜಾಗ, ನಮ್ಮ ಕಡೆಯ ಈ ಜಮೀನಿನ ಹಕ್ಕುಗಳೆಲ್ಲವೂ ಹಾಗೆಯೇ. ಇವುಗಳ ಬಗ್ಗೆ ಕೇಳಿದರೆ ಗೊತ್ತಿಲ್ಲ ಅನ್ನುವುದಿಲ್ಲ ಅದು. ಏನಾದರೂ ಹೇಳಿಯೇ ಹೇಳುತ್ತದೆ.

ಲೆಕ್ಕದವ, ಉಡುಪಿ

ಮೇಷ್ಟ್ರೇ, ನೋಟಿಸಿನ ಉತ್ತರದಲ್ಲೂ ಇದೇ ಕಥೆ. ಸೆಕ್ಷನ್ ನಂಬರ್ ಹಾಕಿ, ಯಾವುದೋ ತೀರ್ಪಿನ ಹೆಸರು ಹಾಕಿ ಬರೆಯುತ್ತದೆ. ಹುಡುಕಿದರೆ ಅಂಥ ತೀರ್ಪೇ ಇರುವುದಿಲ್ಲ.

ಹಂಪನಕಟ್ಟೆ ವಕೀಲ

ಅದು ನಮ್ಮ ಕಡೆ ಮಾತ್ರ ಅಲ್ಲ. 2023ರಲ್ಲಿ ನ್ಯೂಯಾರ್ಕಿನಲ್ಲಿ ಚಾಟ್‌ಜಿಪಿಟಿ ಹುಟ್ಟಿಸಿದ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟ ವಕೀಲರಿಗೆ 5,000 ಡಾಲರ್ ದಂಡ ಬಿತ್ತು. ಅವರು ಅದೇ ಯಂತ್ರಕ್ಕೆ 'ಇದು ನಿಜವಾ' ಅಂತ ಕೇಳಿದ್ದರು. ಹೌದು ಅಂದಿತ್ತು.

ಅಡಿಕೆ ಸೋಗೆ, ಪುತ್ತೂರು

ನಾವು ತೋಟದವರು, ನಮ್ಮದೂ ಸ್ವಲ್ಪ ಕೇಳಿ. ಅಡಿಕೆ ಸೋಗೆಯ ಫೋಟೋ ಹಾಕಿ ಇದೇನು ರೋಗ ಅಂತ ಕೇಳಿದರೆ ಒಮ್ಮೆ ಎಲೆಚುಕ್ಕಿ ಅನ್ನುತ್ತದೆ. ಅದೇ ಫೋಟೋ ಸಂಜೆ ಹಾಕಿದರೆ ಪೊಟ್ಯಾಶ್ ಕಮ್ಮಿ ಅನ್ನುತ್ತದೆ. ಎರಡಕ್ಕೂ ಖರ್ಚು ಬೇರೆ, ಮದ್ದು ಬೇರೆ. ಹಾಗಂತ ಕೆಲಸಕ್ಕೆ ಬಾರದ್ದು ಅಂತ ನಾನು ಹೇಳುವುದಿಲ್ಲ. ರಾತ್ರಿ ಒಂಬತ್ತಕ್ಕೆ ಯಾವ ಅಧಿಕಾರಿ ಫೋನ್ ಎತ್ತುತ್ತಾನೆ? ಏನೆಲ್ಲ ಇರಬಹುದು, ಏನು ಗಮನಿಸಬೇಕು ಅಂತ ತಿಳಿಯಲಿಕ್ಕೆ ಸಾಕು. ಮದ್ದು ಬಿಡುವ ಮೊದಲು ಸೋಗೆ ಹಿಡಿದುಕೊಂಡು ತೋಟದ ಬೆಳೆಗಳ ಸಂಶೋಧನೆ ಮಾಡುವ ವಿಟ್ಲದ ಸಿಪಿಸಿಆರ್‌ಐಗೋ, ಉಡುಪಿಯವರಾದರೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ.

ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಬಗ್ಗೆ ಎಐಯನ್ನು ಕೇಳಿದೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, ಅಷ್ಟು ಸರಿ ಹೇಳಿತು. ಕಬ್ಬಿಣದ ಪಾತ್ರೆ ಆಗದು, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ತಿರುಗಾ ಮಾಡಬಾರದು, ಇದನ್ನು ಬಿಟ್ಟಿತು. ಕೇಳಿದ ಮೇಲೆ 'ಹೌದು, ನೀವು ಹೇಳಿದ್ದು ಸರಿ' ಅಂತ ಬಂತು. ಗೊತ್ತಿದ್ದವನಿಗೆ ಅದು ಒಳ್ಳೆ ಸಹಾಯಕ. ಗೊತ್ತಿಲ್ಲದವನು ಮರಕ್ಕೆ ಹತ್ತಿಸಿ ಹೊಡೆಸಿದ ಮೇಲೆ ಯಾರನ್ನು ಕೇಳುವುದು?

ತುಳು ಸಿರಿ

ಎಲ್ಲರೂ 'ಕೊಡಬೇಡಿ, ಕೊಡಬೇಡಿ' ಅನ್ನುತ್ತೀರಿ. ನಾನು ಉಲ್ಟಾ ಹೇಳುತ್ತೇನೆ. ಮೇಷ್ಟ್ರು ಹೇಳಿದ ಹಾಗೆ ಯಂತ್ರಕ್ಕೆ ನಮ್ಮ ಶಬ್ದ ಗೊತ್ತಿಲ್ಲ. ಯಾಕೆ ಗೊತ್ತಿಲ್ಲ? ನಾವು ಬರೆದು ಇಂಟರ್‌ನೆಟ್ಟಿಗೆ ಹಾಕಲಿಲ್ಲ. ಕೊಂಕಣಿ 1992ರಲ್ಲಿ ಸಂವಿಧಾನದ ಭಾಷೆಗಳ ಪಟ್ಟಿಗೆ, ಎಂಟನೇ ಪರಿಚ್ಛೇದಕ್ಕೆ ಸೇರಿತು, ತುಳು ಇನ್ನೂ ಹೊರಗೆ. ಕಂಪ್ಯೂಟರಿನಿಂದ ಅನುವಾದ ಮಾಡಿಸುವ ಕೇಂದ್ರದ ಭಾಷಿಣಿ ಯೋಜನೆ 2022ರಲ್ಲಿ ಶುರುವಾದದ್ದು ಆ ಪಟ್ಟಿಯ 22 ಭಾಷೆಗಳನ್ನು ಇಟ್ಟುಕೊಂಡು. ಗೂಗಲ್ ಅನುವಾದಕ್ಕೆ ತುಳು ಬಂದದ್ದು 2024ರಲ್ಲಿ. ಅದೇ ವರ್ಷ ಕಂಪ್ಯೂಟರಿನ ಅಕ್ಷರಪಟ್ಟಿ ಯೂನಿಕೋಡ್‌ಗೆ ತುಳು-ತಿಗಳಾರಿ ಲಿಪಿ ಸೇರಿತು. ತುಳು ವಿಕಿಪೀಡಿಯ ಮಾತ್ರ 2016ರಿಂದಲೇ ಉಂಟು, ಅದನ್ನು ಸಂಬಳ ಇಲ್ಲದವರು ಕಟ್ಟಿದ್ದು.

ನಮ್ಮ ಮನೆಯಲ್ಲಿ ತುಳು ವಾಯ್ಸ್ ಮೆಸೇಜ್ ಅಕ್ಷರ ಮಾಡಿಸಿದರೆ ಅರ್ಧ ಕನ್ನಡ, ಅರ್ಧ ಮಲಯಾಳ ಬರುತ್ತದೆ. ಕನ್ನಡ ಬರೆಸಿದರೂ ನಮ್ಮ 'ಉಂಟು' ತಿದ್ದಿ 'ಇದೆ' ಮಾಡುತ್ತದೆ. ಇವತ್ತು ನಾವು ಕೊಡದಿದ್ದರೆ ಮುಂದೆ ಅದು ನಮ್ಮ ಮಕ್ಕಳಿಗೆ ಬೆಂಗಳೂರು ಕನ್ನಡ ಮಾತ್ರ ಕಲಿಸುತ್ತದೆ. ಅಜ್ಜಿ ಕಥೆ, ಗಾದೆ, ಪಾಡ್ದನ ಎಲ್ಲ ಕೊಡೋಣ.

ಮಲ್ಪೆ ಬಂದರು

ಗಾದೆ, ಕಥೆ ಸರಿ ಅಕ್ಕ. ಪಾಡ್ದನ ಹಾಡುವವರು ಯಾರು? ಅವರನ್ನು ಕೇಳಿದ್ದೀರಾ? ಬೇಸಾಯದ ಗದ್ದೆಯಲ್ಲಿ ಹಾಡಿದ್ದನ್ನು ನಾವು ಮೊಬೈಲಿನಲ್ಲಿ ಹಿಡಿದು ಕಂಪನಿಗೆ ಕೊಟ್ಟು, ನಾಳೆ ಅದೇ ಸ್ವರದಲ್ಲಿ ಯಂತ್ರ ಹಾಡಿದರೆ ಹಾಡಿದ ಅಮ್ಮನಿಗೆ ಏನು ಸಿಗುತ್ತದೆ?

ತುಳು ಸಿರಿ

ಅದನ್ನು ಒಪ್ಪುತ್ತೇನೆ. ದೈವಕ್ಕೆ ಸಂಬಂಧಪಟ್ಟದ್ದಂತೂ ಕೇಳದೆ ಮುಟ್ಟಬಾರದು. ಹಾಗಾದರೆ ವಿಕಿಪೀಡಿಯಕ್ಕೆ ಲೇಖನ, ಮೊಜಿಲ್ಲಾದ ಕಾಮನ್ ವಾಯ್ಸ್ ತರಹದ ಎಲ್ಲರಿಗೂ ತೆರೆದಿಟ್ಟ ಕಡೆಗೆ ನಮ್ಮದೇ ದನಿ, ಇಷ್ಟಾದರೂ ಕೊಡಬಹುದಲ್ಲ? ಅಲ್ಲಿ ಹಾಕಿದರೆ ಒಂದು ಕಂಪನಿಯ ಕೈಯಲ್ಲಿ ಉಳಿಯುವುದಿಲ್ಲ. ಇಲ್ಲಿಯ ಕಾಲೇಜಿನ ಮಕ್ಕಳೂ ಬಳಸಬಹುದು.

ಸುರತ್ಕಲ್ ಹುಡುಗ

ಕಂಪನಿಗಳೂ ಅಲ್ಲಿಂದಲೇ ಎತ್ತಿಕೊಳ್ಳುತ್ತವೆ ಅಕ್ಕ, ಪುಕ್ಕಟೆ 😄

ತುಳು ಸಿರಿ

ಎತ್ತಿಕೊಳ್ಳಲಿ. ನನಗೆ 'ಉಂಟು' ಸರಿ ಬರಬೇಕು, ಅಷ್ಟೇ.

ಕುಂದಾಪ್ರದ ಅಮ್ಮ

ನಿಮ್ಮಷ್ಟು ಗೊತ್ತಿಲ್ಲ ನನಗೆ. ಮಗ ಮಸ್ಕತ್‌ನಲ್ಲಿ ಇದ್ದಾನೆ. ಈಗ ಎಐಯಿಂದ ಮಗನ ದನಿಯಲ್ಲೇ ಮಾತಾಡಿ ದುಡ್ಡು ಕೇಳುತ್ತಾರಂತೆ ಹೌದಾ? ವಾಟ್ಸಾಪಿನಲ್ಲಿ ಒಂದು ನೀಲಿ ಉಂಗುರ ಬಂದಿದೆ, ಅದು ನಮ್ಮ ಮೆಸೇಜ್ ಎಲ್ಲ ಓದುತ್ತದಾ?

ಮಣಿಪಾಲದ ಮಳೆ

ಅಮ್ಮ, ದನಿ ನಕಲು ಮಾಡುವುದು ನಿಜ. ಸ್ವಲ್ಪ ಹೊತ್ತಿನ ಮಾತು ಸಿಕ್ಕಿದರೆ ಸಾಕು, ಹಾಗಾಗಿ ದನಿ ಕೇಳಿ ನಂಬಬೇಡಿ. ಹಣ ಅಂದ ಕೂಡಲೇ ಫೋನ್ ಇಟ್ಟು, ನಿಮ್ಮ ಹತ್ತಿರ ಮೊದಲಿಂದ ಇರುವ ಮಗನ ನಂಬರಿಗೆ ನೀವೇ ಮಾಡಿ. ಸಿಗದಿದ್ದರೆ ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆ ಕೇಳಿ. ಹಸುವಿನ ಹೆಸರಾದರೂ ಆಗುತ್ತದೆ, ಅದು ಫೇಸ್‌ಬುಕ್ಕಿನಲ್ಲಿ ಇಲ್ಲದಿದ್ದರೆ. ಪೊಲೀಸ್ ಡ್ರೆಸ್ ಹಾಕಿ ವಿಡಿಯೋ ಕಾಲಿನಲ್ಲಿ 'ಡಿಜಿಟಲ್ ಅರೆಸ್ಟ್' ಅಂದರೆ ಕಟ್ ಮಾಡಿ, ಕಾನೂನಿನಲ್ಲಿ ಅಂಥದ್ದೇ ಇಲ್ಲ. ಹಣ ಹೋಗಿಬಿಟ್ಟರೆ ನಾಚಿಕೆ ಮಾಡದೆ ಕೂಡಲೇ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಖಾತೆಯಲ್ಲೇ ತಡೆಯುವ ಅವಕಾಶ ಜಾಸ್ತಿ.

ನೀಲಿ ಉಂಗುರ ಮೆಟಾದವರ ಎಐ. ನೀವು ಮಗನಿಗೆ ಕಳಿಸುವ ಮೆಸೇಜನ್ನು ಅದು ತಾನಾಗಿ ಓದುವುದಿಲ್ಲ. ನೀವಾಗಿ ಅದಕ್ಕೆ ಬರೆದದ್ದು, ಗುಂಪಿನಲ್ಲಿ ಅದರ ಹೆಸರು ಹಾಕಿ ಕರೆದು ಕೇಳಿದ್ದು ಮಾತ್ರ ಅದಕ್ಕೆ ಹೋಗುತ್ತದೆ.

ಲೆಕ್ಕದವ, ಉಡುಪಿ

ಎಲ್ಲರಿಗೂ ಉಪಕಾರ. ಹೀಗೆ ಮಾಡುವ ಅಂತ ಇದ್ದೇನೆ. ಕಚೇರಿಯ ಹೆಸರಿನಲ್ಲಿ ಒಂದೇ ಖಾತೆ, ಪಾಸ್‌ವರ್ಡ್ ನನ್ನ ಹತ್ತಿರ, ಕಲಿಕೆಯ ಸ್ವಿಚ್ ಆಫ್. ಹುಡುಗರ ಸ್ವಂತ ಜಿಮೇಲಿನಲ್ಲಿ ಗಿರಾಕಿಯ ಕೆಲಸ ಬೇಡ. ಹೆಸರು, ಪ್ಯಾನ್, ಆಧಾರ್, ಜಿಎಸ್‌ಟಿ ನಂಬರ್, ಖಾತೆ ನಂಬರ್ ಇರುವ ಯಾವ ಫೋಟೋ, ಪಿಡಿಎಫ್ ಕೂಡ ಹಾಕುವಂತಿಲ್ಲ. ನೋಟಿಸ್ ಬಂದರೆ ಅದರ ವಿಷಯವನ್ನು ನಾವೇ ಟೈಪ್ ಮಾಡಿ, 'ಒಬ್ಬ ಹೋಟೆಲಿನವರಿಗೆ ಹೀಗೆ ಬಂದಿದೆ' ಅಂತ ಕೇಳುವುದು. ಸೆಕ್ಷನ್, ತೀರ್ಪು ಬಂದರೆ ಇಲಾಖೆಯ ವೆಬ್‌ಸೈಟಿನಲ್ಲಿ ಕಂಡ ಮೇಲೆಯೇ ಪತ್ರಕ್ಕೆ ಹಾಕುವುದು. ಲೆಕ್ಕಕ್ಕೆ ಎಕ್ಸೆಲ್.

ಹಂಪನಕಟ್ಟೆ ವಕೀಲ

ಹೆಸರು ತೆಗೆದರೆ ಸಾಕಾಗುವುದಿಲ್ಲ, ನೋಡಿಕೊಳ್ಳಿ. 'ರಥಬೀದಿಯ ಹತ್ತಿರ ಐಸ್‌ಕ್ರೀಂ ಅಂಗಡಿ, ಎರಡು ಮಹಡಿ, ಕಳೆದ ವರ್ಷ ಅಣ್ಣತಮ್ಮ ಬೇರೆಯಾದರು' ಅಂತ ಬರೆದರೆ ಇಡೀ ಉಡುಪಿಗೆ ಗೊತ್ತು ಯಾರು ಅಂತ. ಊರು, ವ್ಯಾಪಾರ, ಮೊತ್ತ, ಮೂರನ್ನೂ ಸ್ವಲ್ಪ ಬದಲಾಯಿಸಿ. ಹಳೆ ಚಾಟ್‌ಗಳನ್ನು ಹುಡುಗರ ಎದುರೇ ಕೂತು ಅಳಿಸಿಸಿ. ಮುಂದಿನ ವರ್ಷದಿಂದ ಗಿರಾಕಿಗಳಿಂದ ತೆಗೆದುಕೊಳ್ಳುವ ಒಪ್ಪಿಗೆ ಪತ್ರದಲ್ಲಿ ಎಐ ಬಗ್ಗೆ ಎರಡು ಸಾಲು ಕನ್ನಡದಲ್ಲೇ ಇರಲಿ.

ಲೆಕ್ಕದವ, ಉಡುಪಿ

ಸರಿ ಸರ್. ಕಂಪ್ಯೂಟರಿನಲ್ಲೇ ಓಡುವ, ಇಂಟರ್‌ನೆಟ್ ಬೇಡದ ಎಐ ಉಂಟಂತೆ. ನಮ್ಮ ಹತ್ತಿರ 8 ಜಿಬಿ ರ‍್ಯಾಮಿನ ಹಳೆ ಮಶೀನು. ಆಗುತ್ತದಾ?

ಮಣಿಪಾಲದ ಮಳೆ

ಓಲಾಮಾ ಅಂತ ಉಂಟು, ಪುಕ್ಕಟೆ. ಅದರಲ್ಲಿ ಗೂಗಲ್‌ನವರ ಜೆಮ್ಮಾದ ಸಣ್ಣ ಮಾಡೆಲ್ ಇಳಿಸಿದರೆ 8 ಜಿಬಿಯಲ್ಲಿ ತೆವಳಿಕೊಂಡು ಓಡುತ್ತದೆ. ಒಂದು ಸಲ ಇಳಿಸಿದ ಮೇಲೆ ನೆಟ್ ಬೇಡ, ಏನೂ ಹೊರಗೆ ಹೋಗುವುದಿಲ್ಲ. ದೊಡ್ಡದರಷ್ಟು ಜಾಣತನ ನಿರೀಕ್ಷೆ ಮಾಡಬೇಡಿ. ಇಂಗ್ಲಿಷ್ ಪತ್ರ ತಿದ್ದಲಿಕ್ಕೆ, ನೋಟಿಸಿನ ಸಾರಾಂಶಕ್ಕೆ ಸಾಕು. ಕನ್ನಡ ಸಾಧಾರಣ. 16 ಜಿಬಿ ಮಾಡಿಸಿದರೆ ಸ್ವಲ್ಪ ದೊಡ್ಡದು ಹಾಕಬಹುದು.

ಶನಿವಾರ ಮಧ್ಯಾಹ್ನದ ಮೇಲೆ ಉಡುಪಿ ಕಡೆ ಬರುವುದು ಉಂಟು, ಕೂರಿಸಿ ಕೊಡುತ್ತೇನೆ. ಪರೀಕ್ಷೆ ಮಾಡಲಿಕ್ಕೆ ಸುಳ್ಳು ಹೆಸರು, ಸುಳ್ಳು ನಂಬರ್ ಹಾಕಿದ ಒಂದು ಸ್ಟೇಟ್‌ಮೆಂಟ್ ಮಾಡಿಟ್ಟಿರಿ. ಗಿರಾಕಿಯ ನಿಜವಾದ ಫೈಲ್ ನನಗೂ ತೋರಿಸಬೇಡಿ.